ಕುರುಡು ನವಿಲೂ ಜಪಾನಿನ ಕಾರ್ಡೂ

ಯಾರಾದರೂ ಮದುವೆಯ ಕರೆಯೋಲೆ ಕೊಟ್ಟರೆ ನಾನು ಅದನ್ನು ಮೊದಲು ಓದುವುದಿಲ್ಲ. ಕಿವಿಯ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಒಂದು ಮೂಲೆಯನ್ನು ಬಾಗಿಸಿ ಬಿಡುತ್ತೇನೆ. ಅದು ಟಕ್ ಎನ್ನಬೇಕು. ಕೆಲವು ಟಪ್ ಎನ್ನುತ್ತವೆ, ಕೆಲವು ಏನೂ ಅನ್ನುವುದಿಲ್ಲ. ಆಮೇಲೆ ಮೂಸಿ ನೋಡುತ್ತೇನೆ. ವಧೂವರರ ಹೆಸರು ಇಷ್ಟೆಲ್ಲ ಆದ ಮೇಲೆ. ಕಳೆದ ವರ್ಷ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರು ಬೆಳ್ಳಿ ಬಣ್ಣದ ದಪ್ಪ ಕರೆಯೋಲೆಗೆ ಅರಿಶಿನ ಕುಂಕುಮ ಹಚ್ಚಿ, ತಟ್ಟೆಯಲ್ಲಿಟ್ಟು, ಮನೆಗೇ ಬಂದು ಕೊಟ್ಟರು. ನಾನು ಅವರೆದುರೇ ಇಷ್ಟನ್ನೂ ಮಾಡಿ, "ಎರಡು ಪದರ ಅಂಟ್ಸಿದಾರ್ರಿ, ನಡುವೆ ಬರೀ ಗಾಳಿ ಐತೆ, ಮೋಸ ಹೋಗಿದೀರಿ" ಎಂದುಬಿಟ್ಟೆ. ಅವರು ಮದುವೆಗೆ ಬನ್ನಿ ಎಂದು ಹೇಳಿ ಹೊರಟರು. ದನಿಯಲ್ಲಿ ಒತ್ತಾಯ ಸ್ವಲ್ಪ ಕಡಿಮೆ ಇತ್ತು.

"ಅವ್ರು ಮಗಳ ಮದ್ವೆಗೆ ಕರಿಯಾಕ್ ಬಂದಿದ್ರು, ರಟ್ಟು ಮಾರಾಕಲ್ಲ" ಎಂದು ಆಮೇಲೆ ನನ್ನ ಹೆಂಡತಿ ಗೌರಮ್ಮ ಹೇಳಿದಳು. ಅವಳು ಹೇಳಿದ್ದು ನಿಜ. ನಾನು ಹೇಳಿದ್ದೂ ನಿಜ. ಆದರೆ ನಮ್ಮ ಮನೆಯಲ್ಲಿ ಎರಡು ನಿಜಗಳು ಒಟ್ಟಿಗೆ ಬಂದಾಗ ನನ್ನದು ಸುಮ್ಮನಿರುವುದು ರೂಢಿ.

ಈ ರೋಗ ನನಗೆ ಹತ್ತಿದ್ದು ಮೊಳಕಾಲ್ಮೂರಿನಲ್ಲಿ. ಮೊಳಕಾಲ್ಮೂರು ಎಂದರೆ ನಿಮಗೆ ರೇಷ್ಮೆ ಸೀರೆ ನೆನಪಾಗುತ್ತದೆ, ಸೀರೆ ಎಂದರೆ ನೇಕಾರ ನೆನಪಾಗುತ್ತಾನೆ, ಅಲ್ಲಿಗೆ ನಿಮ್ಮ ನೆನಪು ನಿಲ್ಲುತ್ತದೆ. ನಮ್ಮಪ್ಪನ ಕೆಲಸ ಅಲ್ಲಿಂದ ಆಚೆ. ಜಕಾರ್ಡ್ ಮಗ್ಗವನ್ನು ನೀವು ನೋಡಿದ್ದರೆ, ಅದರ ನೆತ್ತಿಯ ಮೇಲೆ ಉದ್ದುದ್ದ ರಟ್ಟಿನ ಪಟ್ಟಿಗಳನ್ನು ದಾರದಲ್ಲಿ ಹೊಲಿದು ಮಾಲೆಯಂತೆ ಇಳಿಬಿಟ್ಟಿರುವುದನ್ನು ಕಂಡಿರುತ್ತೀರಿ. ಆ ರಟ್ಟುಗಳ ತುಂಬ ತೂತು. ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಇರುತ್ತದೆ. ಒಂದು ರಟ್ಟಿಗೆ ಒಂದು ಸಾಲು ನೇಯ್ಗೆ. ಸೀರೆಯ ಅಂಚಿನಲ್ಲಿ ಒಂದು ನವಿಲು ನಿಲ್ಲಬೇಕಾದರೆ ಮುನ್ನೂರು ರಟ್ಟುಗಳಾದರೂ ಬೇಕು. ಚೌಕುಳಿ ಕಾಗದದ ಮೇಲೆ ಬರೆದ ನವಿಲನ್ನು ನೋಡಿ, ಲೆಕ್ಕ ತಪ್ಪದೆ, ಆ ಮುನ್ನೂರು ರಟ್ಟಿಗೂ ಉಳಿಯಿಂದ ತೂತು ಹೊಡೆಯುವವನು ನಮ್ಮಪ್ಪ. ಸೀರೆ ಉಟ್ಟವಳ ಹೆಸರು ಊರಿಗೆ ಗೊತ್ತು, ನೇಯ್ದವನ ಹೆಸರು ಅಂಗಡಿಗೆ ಗೊತ್ತು, ರಟ್ಟು ಹೊಡೆದವನ ಹೆಸರು ಆ ರಟ್ಟಿಗೂ ಗೊತ್ತಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಅವಳು ಇದನ್ನು ದೂರಿನಂತೆ ಹೇಳುತ್ತಿರಲಿಲ್ಲ. ಮಳೆ ಬರಲಿಲ್ಲ ಎನ್ನುವಂತೆ ಹೇಳುತ್ತಿದ್ದಳು.

ಉಳಿ ಬಿದ್ದಾಗಲೆಲ್ಲ ರಟ್ಟಿನಿಂದ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಗುಂಡು ಚೂರು ಉದುರುತ್ತಿತ್ತು. ನಮ್ಮ ಬಾಲ್ಯ ಆ ಚೂರುಗಳ ಮೇಲೆಯೇ ನಡೆಯಿತು. ಗೊಂಬೆ ಮದುವೆಗೆ ಅವೇ ಅಕ್ಷತೆ, ಅಂಗಡಿ ಆಟಕ್ಕೆ ಅವೇ ದುಡ್ಡು. ತಲೆ ಬಾಚಿದರೆ ಬಾಚಣಿಗೆಯಲ್ಲಿ, ಚಾಪೆ ಕೊಡವಿದರೆ ಚಾಪೆಯಲ್ಲಿ, ಒಮ್ಮೊಮ್ಮೆ ರಾಗಿ ಮುದ್ದೆಯಲ್ಲಿ. ಮುದ್ದೆ ಅಗಿಯಬಾರದು, ನುಂಗಬೇಕು ಎಂಬ ಹಿರಿಯರ ಮಾತು ನಮ್ಮ ಮನೆಯಲ್ಲಿ ಬಹಳ ಉಪಯೋಗಕ್ಕೆ ಬಂತು.

ಅಪ್ಪನಿಗೆ ಒಂದು ಪದ್ಧತಿ ಇತ್ತು. ರಟ್ಟು ಹೊಡೆದು ಮುಗಿದ ಕೂಡಲೇ ಅದು ರಟ್ಟಾಗುತ್ತಿರಲಿಲ್ಲ. ಮೊದಲು ಕಿವಿಯ ಹತ್ತಿರ ಹಿಡಿದು ಟಕ್ ಅನ್ನಿಸಿ ನೋಡಬೇಕು, ಒಳಗೆ ಪದರ ಬಿಟ್ಟಿದೆಯೇ ಎಂದು. ಆಮೇಲೆ ಬೆಳಕಿಗೆ ಹಿಡಿದು ತೂತುಗಳನ್ನು ಚೌಕುಳಿ ಕಾಗದದ ಜೊತೆ ತಾಳೆ ನೋಡಬೇಕು. ಎರಡರಲ್ಲೂ ಪಾಸಾದರೆ ಮಾತ್ರ ನಾಲ್ಕು ಮೂಲೆಗೆ ದಾರ ಪೋಣಿಸುವ ನಾಲ್ಕು ತೂತು, ಹಿಂಬದಿಗೆ ನೀಲಿ ಪೆನ್ಸಿಲಿನಲ್ಲಿ ಅದರ ನಂಬರು. ಅಪ್ಪ ಇದನ್ನು ಕಿವಿ ಚುಚ್ಚುವುದು ಎನ್ನುತ್ತಿದ್ದ. ಕಿವಿ ಚುಚ್ಚಿಸಿಕೊಂಡ ರಟ್ಟು ಮಾಲೆಗೆ ಸೇರುತ್ತಿತ್ತು, ಉಳಿದದ್ದು ಬಚ್ಚಲ ಒಲೆಗೆ. ಬಾಯಿ ಬಿಟ್ಟು ಹೊಗಳುವ ಅಭ್ಯಾಸ ಅಪ್ಪನಿಗೆ ಇರಲಿಲ್ಲ. ಆಂಧ್ರದ ಗಡಿ ಮಗ್ಗುಲಲ್ಲೇ ಇರುವುದರಿಂದ ನಮ್ಮ ಕಡೆ ಎಲ್ಲರ ಬಾಯಲ್ಲೂ ಅರ್ಧ ತೆಲುಗು. ಅಪ್ಪ ಬೈಯುವುದನ್ನು ಕನ್ನಡದಲ್ಲಿ ಮಾಡುತ್ತಿದ್ದ. ವರ್ಷಕ್ಕೆ ಒಂದೋ ಎರಡೋ ಸಲ, ತೀರಾ ಒಳ್ಳೆಯ ನೇಯ್ಗೆ ಕಂಡಾಗ, "ಬಾಗುಂದಿ" ಎಂದು ಒಂದು ತೆಲುಗು ಮಾತು ಹೊರಬರುತ್ತಿತ್ತು. ಚೆನ್ನಾಗಿದೆ ಎಂದು ಅರ್ಥ. ಅದು ನನ್ನ ಕಡೆ ತಿರುಗಿ ಬಂದದ್ದು ನನಗೆ ನೆನಪಿಲ್ಲ.

ತಿರುಗಿ ಬರದಿರಲು ಕಾರಣವೂ ಇತ್ತು. ನನಗಾಗ ಹದಿನಾಲ್ಕು. ಅಪ್ಪ ದಾರ ತರಲು ರಾಯದುರ್ಗಕ್ಕೆ ಹೋಗಿದ್ದ ದಿನ ನೇಕಾರನೊಬ್ಬ ಓಡಿಬಂದ. ನವಿಲಿನ ಮಾಲೆಯಲ್ಲಿ ಇನ್ನೂರ ಹದಿನೇಳನೇ ರಟ್ಟನ್ನು ಇಲಿ ಕಡಿದುಹಾಕಿತ್ತು, ಹೊಸ ಸೀರೆ ಶುರುವಾಗುವ ಮೊದಲೇ ಮಗ್ಗ ನಿಂತಿತ್ತು. ನಾನು "ಕೂತ್ಕೊಳ್ರಿ, ನಾನೇ ಹೊಡ್ಕೊಡ್ತೀನಿ" ಎಂದೆ. ಹೊಡೆದೆ. ಕಿವಿಯನ್ನೂ ನಾನೇ ಚುಚ್ಚಿದೆ. ಅಪ್ಪನ ನೀಲಿ ಪೆನ್ಸಿಲು ತೆಗೆದುಕೊಂಡು, ಅಪ್ಪನ ಅಕ್ಷರವನ್ನೇ ಹೋಲುವಂತೆ, ಹಿಂದೆ ೨೧೭ ಎಂದು ಬರೆದೆ. ನೇಕಾರ ಸಂತೋಷದಿಂದ ಹೋದ. ಸೀರೆ ಮಗ್ಗದ ಮೇಲೆ ಬೋರಲಾಗಿ ನೇಯಲ್ಪಡುವುದರಿಂದ ಅದರ ಮುಖ ಕಾಣುವುದು ಮಗ್ಗದಿಂದ ಇಳಿಸಿದಾಗಲೇ. ಇಳಿಸಿ ಹರಡಿದರೆ ಅಂಚಿನುದ್ದಕ್ಕೂ ನೂರಾರು ನವಿಲು. ಕೊಕ್ಕು, ಜುಟ್ಟು, ಗರಿ ಎಲ್ಲ ಸರಿ. ಒಂದಕ್ಕೂ ಕಣ್ಣಿರಲಿಲ್ಲ. ಕಣ್ಣು ಇರುವುದು ಇನ್ನೂರ ಹದಿನೇಳರಲ್ಲಿ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಸೀರೆಯನ್ನು ಅಪ್ಪನೇ ಇಟ್ಟುಕೊಳ್ಳಬೇಕಾಯಿತು. ಅವ್ವನಿಗೆ ಜೀವಮಾನದಲ್ಲಿ ಸಿಕ್ಕಿದ ಒಂದೇ ರೇಷ್ಮೆ ಸೀರೆ ಅದು. ನೇಯ್ಗೆಯ ಊರಿನಲ್ಲಿ, ನೇಯ್ಗೆಯವರ ಮದುವೆಗಳಿಗೆ, ಅವಳು ಅದನ್ನೇ ಉಟ್ಟು ಹೋದಳು. ಯಾರಾದರೂ ಅಂಚು ಹಿಡಿದು ನೋಡಿದರೆ "ನಮ್ಮ ತಿಪ್ಪೇಶಿ ಹೊಡ್ದಿದ್ದು" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಆಗ ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ. ಅವ್ವ ಹೋದ ಮೇಲೆ ಸೀರೆ ಗೌರಮ್ಮನಿಗೆ ಬಂತು.

ಸೀರೆ ಇಳಿಸಿದ ದಿನ ಅಪ್ಪ ನನಗೆ ಹೊಡೆಯಲಿಲ್ಲ, ಕೂಗಾಡಲಿಲ್ಲ. ಮಾಲೆ ಬಿಚ್ಚಿ ಆ ರಟ್ಟನ್ನು ತೆಗೆದು, ತಿರುಗಿಸಿ, ತನ್ನ ಅಕ್ಷರದಂತೆಯೇ ಇದ್ದ ನಂಬರನ್ನು ಬಹಳ ಹೊತ್ತು ನೋಡಿದ.

"ತೂತು ತಪ್ಪಿದ್ರೆ ಕಲ್ತ್ಕೋಬೋದು ಕಣ್ಲೇ" ಎಂದ. "ಕಿವಿ ಯಾಕ್ ಚುಚ್ದೆ?"

ರಟ್ಟು ಬಚ್ಚಲ ಒಲೆಗೆ ಹೋಯಿತು, ನಾನು ಮುಂದಿನ ತಿಂಗಳು ಚಳ್ಳಕೆರೆಗೆ ಹೋದೆ. ಅಲ್ಲಿ ಸೋದರಮಾವನಿಗೆ ಶೇಂಗಾ ಮಂಡಿಯಲ್ಲಿ ಕೆಲಸವಿತ್ತು. ಅಣ್ಣ ಓಬಳೇಶ ಮಾತ್ರ ಅಪ್ಪನ ಜೊತೆ ಉಳಿದ.

ಮಂಡಿಯಲ್ಲಿ ನನ್ನ ಕೆಲಸ ಮಾದರಿ ನೋಡುವುದು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆದು, ಕಿವಿಯ ಹತ್ತಿರ ಅಲುಗಾಡಿಸಿದರೆ ಅದು ಎಷ್ಟು ಒಣಗಿದೆ, ಕಾಳು ಎಷ್ಟು ತುಂಬಿದೆ ಎಂದು ಗೊತ್ತಾಗುತ್ತದೆ. ಮೂವತ್ತು ವರ್ಷಕ್ಕೂ ಮೇಲಾಯಿತು, ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಇಡೀ ಮಾರುಕಟ್ಟೆ ಪ್ರಾಂಗಣದಲ್ಲಿ "ತಿಪ್ಪೇಸ್ವಾಮಿ ಕೈ ಹಾಕ್ದ ಅಂದ್ರೆ ಮುಗೀತು" ಎನ್ನುತ್ತಾರೆ. ಎಣ್ಣೆ ಮಿಲ್ಲಿನವರು ಒಪ್ಪುತ್ತಾರೆ, ಕಾಯಿ ತಂದ ರೈತರೂ ಗೊಣಗಿಕೊಂಡೇ ಒಪ್ಪುತ್ತಾರೆ. ಮೊಳಕಾಲ್ಮೂರಿನ ಒಂದು ಮನೆಯಲ್ಲಿ ಮಾತ್ರ ನನ್ನ ಕೈಗೆ ಇನ್ನೂ ಬೆಲೆ ಬಂದಿಲ್ಲವೆಂಬ ಕೊರಗು, ಹೇಳಿಕೊಳ್ಳುವಂಥದ್ದಲ್ಲ, ನನಗೆ ಇದ್ದೇ ಇತ್ತು.

ಇಷ್ಟಕ್ಕೂ ನಾನು ಹೇಳಹೊರಟದ್ದು ಜಪಾನಿನ ಕಾರ್ಡಿನ ವಿಷಯ.

ನನ್ನ ಮಗಳು ಸಹನಾ ಇಲ್ಲೇ ಚಳ್ಳಕೆರೆಯಲ್ಲಿ ಬಿ.ಕಾಂ. ಓದುತ್ತಾಳೆ. ಎರಡು ವರ್ಷದ ಹಿಂದೆ ಅವಳಿಗೆ ಮಾಂಗಾ ಎಂಬ ಜಪಾನಿ ಚಿತ್ರಕತೆಗಳ ಹುಚ್ಚು ಹಿಡಿಯಿತು. ಆ ಪುಸ್ತಕಗಳನ್ನು ಹಿಂದಿನಿಂದ ಮುಂದಕ್ಕೆ ಓದಬೇಕಂತೆ. ಪತ್ರಿಕೆಯನ್ನು ಕೊನೆಯ ಪುಟದಿಂದ ಓದುವ ನನಗೆ ಅದೇನೂ ವಿಚಿತ್ರ ಎನಿಸಲಿಲ್ಲ. ಆ ಕತೆಗಳ ಚಿತ್ರವಿರುವ ಕಾರ್ಡುಗಳು ಬರುತ್ತವೆ, ಆಡುವವರು ಆಡುತ್ತಾರೆ, ಆಡದವರು ಕೂಡಿಡುತ್ತಾರೆ. ಬಹಳಷ್ಟು ಕಾರ್ಡು ಬಣ್ಣದವು. ಎಲ್ಲೋ ಅಪರೂಪಕ್ಕೆ ಒಂದು, ಪುಸ್ತಕದ ಪುಟದಂತೆಯೇ, ಬರೀ ಕಪ್ಪು ಗೆರೆಯ ಚಿತ್ರಗಳ ಚೌಕಟ್ಟಿನದು. ಬೆಲೆ ಇರುವುದು ಅದಕ್ಕೆ. ಬಣ್ಣ ಹಾಕದೇ ಇದ್ದದ್ದಕ್ಕೆ ಹೆಚ್ಚು ದುಡ್ಡು ಎಂದು ಕೇಳಿ ಗೌರಮ್ಮ ಅಂಥ ಸಾಮಾನು ತನ್ನ ತವರಿನಲ್ಲೂ ಬೇಕಾದಷ್ಟಿದೆ ಎಂದಳು.

ಒಂದು ಸಂಜೆ ಸಹನಾ ಆನ್‌ಲೈನಿನಲ್ಲಿ ತರಿಸಿದ ಕಾರ್ಡನ್ನು ಊಟದ ಹೊತ್ತಿನಲ್ಲಿ ಬಿಚ್ಚಿ ಕುಣಿಯುತ್ತಿದ್ದಳು. ನನ್ನ ಕೈಗೂ ಕೊಟ್ಟಳು. ನಾನು ಯೋಚನೆಯೇ ಇಲ್ಲದೆ ಕಿವಿಗೆ ಹಿಡಿದು ಬಾಗಿಸಿ ಬಿಟ್ಟೆ. ಅದು ಪಕ್ ಎಂದಿತು.

"ಇದು ಸರಿ ಇಲ್ಲವ್ವ. ಒಳಗಿನ ಪದರ ಇಲ್ಲ" ಎಂದೆ.

"ಅಪ್ಪಾಜಿ, ಕೈಗೆ ಎಣ್ಣೆ ಐತೆ, ಮುಟ್ಬ್ಯಾಡ್ರಿ!" ಎಂದು ಕಿತ್ತುಕೊಂಡಳು. ಆಮೇಲೆ ಒಂದು ವಾರ ಮಾತಾಡಲಿಲ್ಲ, ನನ್ನ ಎಣ್ಣೆಗಲ್ಲ, ನನ್ನ ಮಾತು ನಿಜವಾದದ್ದಕ್ಕೆ. ಅಸಲಿ ಕಾರ್ಡಿನ ಎರಡು ಪದರದ ನಡುವೆ ಕಪ್ಪನೆಯ ತೆಳುವಾದ ಇನ್ನೊಂದು ಪದರ ಇರುತ್ತದಂತೆ. ಮೊಬೈಲ್ ಟಾರ್ಚಿಗೆ ಹಿಡಿದರೆ ಬೆಳಕು ಆಚೆ ಹಾಯಬಾರದು. ಅವಳದ್ದರಲ್ಲಿ ನಮ್ಮ ಅಡುಗೆಮನೆಯ ಡಬ್ಬಿಗಳೆಲ್ಲ ಕಾಣುತ್ತಿದ್ದವು.

ಅಂದಿನಿಂದ ನಾನು ಮನೆಯ ಪರೀಕ್ಷಕನಾದೆ. ಅವಳು ನನಗೆ ಕಲಿಸಿದಳು: ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣವೆಲ್ಲ ಚುಕ್ಕಿ ಚುಕ್ಕಿಯಾಗಿ ಕಾಣಬೇಕು, ಆದರೆ ಕಪ್ಪು ಗೆರೆ ಮಾತ್ರ ಚುಕ್ಕಿಯಿಲ್ಲದೆ ಒಂದೇ ಸಮ ಇರಬೇಕು. ನಕಲಿಯಲ್ಲಿ ಗೆರೆಯೂ ಚುಕ್ಕಿಯಾಗಿರುತ್ತದೆ. ಅಂಚು ಒರಟಾಗಿರಬಾರದು. ಮೂಲೆ ಬೆಳ್ಳಗಾಗಿರಬಾರದು. ಒಂದು ಗೀರು ಬಿದ್ದರೆ ಅರ್ಧ ಬೆಲೆ, ಮಡಿಕೆ ಬಿದ್ದರೆ ಕಾಲು, ತೂತು ಬಿದ್ದರೆ ಏನೂ ಇಲ್ಲ. ನಾನು ಎಲ್ಲಕ್ಕೂ ತಲೆಯಾಡಿಸಿದೆ. ಇದೆಲ್ಲ ನಮ್ಮಪ್ಪನ ಶಾಲೆಯ ಪಾಠವೇ. ತೂತಿನ ವಿಷಯ ಮಾತ್ರ ತಿರುವುಮುರುವು.

ಆರು ತಿಂಗಳಲ್ಲಿ ಮಗಳಿಗೆ ಹುಚ್ಚು ಬಿಟ್ಟಿತು, ನನಗೆ ಹಿಡಿಯಿತು. ಅವಳು ಪರೀಕ್ಷೆಗೆ ಓದುತ್ತಿದ್ದರೆ ಐವತ್ತೆರಡು ವರ್ಷದ ನಾನು ಪಕ್ಕದಲ್ಲಿ ಕೂತು ಕಾರ್ಡುಗಳನ್ನು ಪ್ಲಾಸ್ಟಿಕ್ ಕವಚಕ್ಕೆ ತೂರಿಸುತ್ತಿದ್ದೆ. ಶೇಂಗಾ ಮುಟ್ಟುವ ಕೈ. ಬಟ್ಟೆ ಸೋಪಿನಲ್ಲಿ ಎರಡು ಸಲ, ನಿಂಬೆಹಣ್ಣಿನಲ್ಲಿ ಒಂದು ಸಲ ತೊಳೆದು, ಒಣಗಲು ಎರಡೂ ಕೈ ಮೇಲೆತ್ತಿ ಕೂರುತ್ತಿದ್ದೆ. "ದೇವ್ರ ಮುಂದೆ ಕೂರಾಗ ಒಂದ್ ದಿನಾನೂ ಹಿಂಗ್ ಕೈ ತೊಳೀಲಿಲ್ಲ" ಎಂದಳು ಗೌರಮ್ಮ. ದೇವರು ಟಾರ್ಚು ಹಿಡಿದು ನೋಡುವುದಿಲ್ಲ ಎನ್ನಬೇಕೆಂದಿದ್ದೆ. ಒಣಗಿದ ಕೈಗೆ ಮುಂದಿನ ಕಾರ್ಡು ಎತ್ತಿಕೊಂಡೆ.

ಹೀಗಿರುವಾಗ ಸಹನಾ ಮೊಬೈಲಿನಲ್ಲಿ ಒಂದು ಕಾರ್ಡಿನ ಚಿತ್ರ ತೋರಿಸಿದಳು. ರೇಷ್ಮೆ ನೇಯುವ ಯಾವುದೋ ಜಪಾನಿ ಊರಿನ ಕತೆಯಂತೆ. ಅದರ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಬರೀ ಕಪ್ಪು ಗೆರೆಯ ನಾಲ್ಕು ಚೌಕಟ್ಟು. ಒಂದರಲ್ಲಿ ಮಗ್ಗದ ಮುಂದೆ ಕೂತ ಹುಡುಗಿ. ಇನ್ನೊಂದರಲ್ಲಿ ಅವಳ ಕೈ. ಮೂರನೆಯದರಲ್ಲಿ ಲಾಳಿ. ನಾಲ್ಕನೆಯದರಲ್ಲಿ, ಮೇಲೆ ಮಾಡಿನಿಂದ ಇಳಿಬಿದ್ದ, ತೂತು ತೂತಿನ ರಟ್ಟಿನ ಮಾಲೆ. ಪ್ರತಿ ತೂತನ್ನೂ ಬಿಡಿಸಿದ್ದರು. ಮೂಲೆಯ ತೂತುಗಳನ್ನು ಕೂಡ ಮರೆತಿರಲಿಲ್ಲ. ರಟ್ಟು ಹೊಡೆದವನನ್ನು ನೆನೆಸಿಕೊಂಡವನು ಜಪಾನಿನಲ್ಲಾದರೂ ಒಬ್ಬ ಇದ್ದಾನಲ್ಲ ಎನಿಸಿತು. ನನಗೆ ಅದು ಬೇಕಾಯಿತು. ಕೊಂಡು ಅಪ್ಪನ ಕೈಗೆ ಕೊಟ್ಟು ಇದು ಅಸಲಿ, ಇದನ್ನು ಆರಿಸಿದವನು ನಾನು ಎನ್ನಬೇಕು, ಅವನು ಟಕ್ ಅನ್ನಿಸಿ ನೋಡಿ ಬಾಗುಂದಿ ಎನ್ನಬೇಕು. ಇಷ್ಟೇ ನನ್ನ ಆಸೆ.

ಮಾರುವವರು ದೂರದವರೇನಲ್ಲ. ಉಳ್ಳಾರ್ತಿ ಕಾವಲಿನ ಕಡೆ ಬೇಲಿಯೊಳಗೆ ರಕ್ಷಣಾ ಇಲಾಖೆಯ ಯಾವುದೋ ಕೇಂದ್ರದಲ್ಲಿ ಕೆಲಸ ಮಾಡುವ, ಹೊರ ರಾಜ್ಯದ ಒಬ್ಬ ಸಾರ್. ವರ್ಗವಾಗಿತ್ತು, ಹೊರೆ ಇಳಿಸುತ್ತಿದ್ದರು. ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಭೇಟಿಯಾದೆವು. ಏನು ಕೆಲಸ ಸಾರ್ ಎಂದು ಕೇಳಿದೆ. "ಹೇಳುವ ಹಾಗಿಲ್ಲ" ಎಂದು ಕಲಿತ ಕನ್ನಡದಲ್ಲಿ ಮೆಲ್ಲಗೆ ಹೇಳಿದರು. ಕಾರ್ಡಿನ ವಿಷಯ ಕೇಳಿದೆ. ಮುಕ್ಕಾಲು ಗಂಟೆ ಹೇಳಿದರು.

ಕೊನೆಗೆ ಜೇಬಿನಿಂದ ಎರಡು ತೆಗೆದು ಮೇಜಿನ ಮೇಲಿಟ್ಟರು. ಎರಡೂ ಅದೇ ಕಾರ್ಡು. "ಒಂದು ಅಸಲಿ. ಇನ್ನೊಂದು ನಾನು ಆಮೇಲೆ ಮೋಸ ಹೋಗಿ ಕೊಂಡದ್ದು. ಮನೆ ಬದಲಾಯಿಸುವಾಗ ಕಲೆತುಹೋದವು. ಟಾರ್ಚಿನಲ್ಲೂ ಎರಡೂ ಒಂದೇ, ಭೂತಗನ್ನಡಿಯಲ್ಲೂ ಒಂದೇ. ನನಗೇ ಗೊತ್ತಾಗುತ್ತಿಲ್ಲ. ಅಸಲಿಯ ಅರ್ಧ ಬೆಲೆ ಕೊಡಿ, ನಿಮಗೆ ಬೇಕಾದ್ದು ಆರಿಸಿಕೊಳ್ಳಿ. ಉಳಿದದ್ದು ನನಗಿರಲಿ." ಇಷ್ಟು ಪ್ರಾಮಾಣಿಕನಾದ ವ್ಯಾಪಾರಿಯನ್ನು ನಾನು ಮಂಡಿಯಲ್ಲಿ ನೋಡಿರಲಿಲ್ಲ. ಸ್ವಲ್ಪ ಗಾಬರಿಯಾಯಿತು.

ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ. ಕಣ್ಣು ಮುಚ್ಚಿ ಒಂದೊಂದನ್ನೇ ಕಿವಿಗೆ ಹಿಡಿದೆ. ಹೋಟೆಲಿನಲ್ಲಿ ದೋಸೆ ಚುಯ್ಯೆನ್ನುತ್ತಿತ್ತು, ಹೊರಗೆ ಬಳ್ಳಾರಿ ಬಳ್ಳಾರಿ ಎಂದು ಕೂಗುತ್ತಿದ್ದರು. ಒಂದು ಟಕ್ ಎಂದಿತು. ಇನ್ನೊಂದೂ ಟಕ್ ಎಂದಿತು. ಆದರೆ ಎರಡನೆಯದು ಟಕ್ ಎಂದ ಮೇಲೆ ಒಂದು ಕೂದಲೆಳೆಯಷ್ಟು ತಡವಾಗಿ ಸುಮ್ಮನಾಯಿತು. ಮೂರು ಸಲ ನೋಡಿದೆ. ಮೊದಲನೆಯದನ್ನು ಆರಿಸಿದೆ. ಯಾಕೆ ಎಂದು ಅವರು ಕೇಳಿದರು. ಕಿವಿ ಮುಟ್ಟಿ ತೋರಿಸಿದೆ.

ಬೆಲೆ ಕಡಿಮೆ ಮಾಡಿಸೋಣವೆಂದು ದನದ ಸಂತೆಯ ಅಭ್ಯಾಸದಂತೆ ಹೆಗಲ ಮೇಲಿನ ಟವಲು ತೆಗೆದು ಕೈ ಮೇಲೆ ಹೊದಿಸಿ ಮುಂದೆ ಚಾಚಿದೆ. ಟವಲಿನ ಒಳಗೆ ಬೆರಳು ಹಿಡಿದು ರೇಟು ಹೇಳುವುದು ನಮ್ಮ ಕಡೆಯ ಮರ್ಯಾದೆ. ಅವರು ಟವಲಿನೊಳಗೆ ಕೈ ಹಾಕಿ, ನನ್ನ ಕೈಯನ್ನು ಪ್ರೀತಿಯಿಂದ ಕುಲುಕಿ, "ಥ್ಯಾಂಕ್ಯೂ" ಎಂದರು. ಹೇಳಿದಷ್ಟು ಕೊಟ್ಟೆ. ಆ ದುಡ್ಡಿಗೆ ಒಂದು ಮೊಳಕಾಲ್ಮೂರು ಸೀರೆ ಬರುತ್ತಿತ್ತು ಎಂದು ಗೌರಮ್ಮ ಹೇಳಿದಳು. "ನನಗಿರಾದು ಒಂದೇ ರೇಷ್ಮೆ ಸೀರೆ. ಅದ್ರ ನವಿಲಿಗೂ ಕಣ್ಣಿಲ್ಲ."

ಮುಂದಿನ ಭಾನುವಾರ ಬೆಳಿಗ್ಗೆ ಮೊಳಕಾಲ್ಮೂರಿಗೆ ಹೊರಟೆ. ಕಾರ್ಡು ಪ್ಲಾಸ್ಟಿಕ್ ಕವಚದಲ್ಲಿ, ಕವಚ ಊಟದ ಡಬ್ಬಿಯಲ್ಲಿ, ಡಬ್ಬಿ ತೊಡೆಯ ಮೇಲೆ. ಜೊತೆಗೆ, ಹೋಲಿಸಿ ನೋಡಲಿಕ್ಕೆಂದು, ಸಹನಾ ಮೋಸ ಹೋಗಿ ತರಿಸಿದ್ದ ಆ ಪಕ್ ಎನ್ನುವ ಕಾರ್ಡನ್ನೂ ಇಟ್ಟುಕೊಂಡಿದ್ದೆ.

ಅಪ್ಪನಿಗೆ ಎಂಬತ್ತು ದಾಟಿದೆ. ಅಣ್ಣ ಈಗ ಕಂಪ್ಯೂಟರಿನಲ್ಲಿ ನವಿಲು ಬರೆಯುತ್ತಾನೆ. ಮಗ್ಗಕ್ಕೆ ಒಂದು ಚಿಕ್ಕ ಡಬ್ಬಿ ಸಿಕ್ಕಿಸಿದರೆ ಸಾಕು, ರಟ್ಟು ಬೇಕಿಲ್ಲ. ಅಪ್ಪನ ಉಳಿ ನಾಲ್ಕು ವರ್ಷದಿಂದ ಗೋಡೆಯ ಗೂಡಿನಲ್ಲಿ ಕೂತಿದೆ. ಕೈ ನಡುಗುತ್ತದೆಂದು ಎಲ್ಲರೂ ಹೇಳುತ್ತಾರೆ. ಕಾಫಿ ಲೋಟ ಹಿಡಿದಾಗ ನಡುಗುವುದೂ ನಿಜ. ನಾನು ಹೋದಾಗ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದ.

"ಏನ್ಲೇ ತಿಪ್ಪೇಶಿ, ಶೇಂಗಾ ಏನ್ ರೇಟೈತೆ?"

ರೇಟು ಹೇಳಿದೆ. ಆಮೇಲೆ ಡಬ್ಬಿ ಬಿಚ್ಚಿ, ಎರಡೂ ಕಾರ್ಡನ್ನು ಕವಚದಿಂದ ತೆಗೆದು ಅವನ ಅಂಗೈಯಲ್ಲಿಟ್ಟೆ. ಒಂದರಲ್ಲಿ ನಮ್ಮ ಮಗ್ಗದ ರಟ್ಟಿನ ಚಿತ್ರವಿದೆ, ಜಪಾನಿನವರು ಬರೆದದ್ದು, ಅದನ್ನು ಎರಡರಲ್ಲಿ ಒಂದು ಆರಿಸಿ ತಂದಿದ್ದೇನೆ, ಸರಿಯೋ ತಪ್ಪೋ ನೀನು ಹೇಳಬೇಕು ಎಂದೆ. ಹೇಳುವಾಗ ನನ್ನ ಗಂಟಲು ಹದಿನಾಲ್ಕು ವರ್ಷದ ಹುಡುಗನದ್ದಾಗಿತ್ತು. ನಾಚಿಕೆಯೂ ಆಯಿತು.

ಅಪ್ಪ ಚಿತ್ರದ ಕಡೆ ಹೆಚ್ಚು ನೋಡಲಿಲ್ಲ. ಉಗುರಿನಿಂದ ಅಂಚು ತಡವಿದ. ಅಗಲಕ್ಕೆ ಹೆಬ್ಬೆರಳಿಟ್ಟು ಅಳೆದ. "ಅಗಲ ಸರಿ ಐತೆ. ಉದ್ದ ಗಿಡ್ಡ" ಎಂದ. ಅಷ್ಟರಲ್ಲಿ ಅತ್ತಿಗೆ ಲಕ್ಷ್ಮಕ್ಕ ಒಳಗಿನಿಂದ ಊಟಕ್ಕೆ ಕರೆದಳು.

"ನೀ ಹೋಗಿ ಉಣ್ಣು" ಎಂದ ಅಪ್ಪ. "ನಾನ್ ನೋಡ್ತೀನಿ."

ಮುದ್ದೆ, ಉಪ್ಪೆಸರು. ನಾನು ಎರಡನೇ ಮುದ್ದೆ ಮುರಿಯುತ್ತಿದ್ದೆ. ಆಗ ಪಡಸಾಲೆಯಿಂದ ಟಣ್ ಎಂದು ಒಂದು ಸದ್ದು ಕೇಳಿತು. ಉಳಿಯ ತಲೆಯ ಮೇಲೆ ಸುತ್ತಿಗೆ ಬೀಳುವ ಸದ್ದು. ನಾನು ಅದನ್ನು ನಿದ್ದೆಯಲ್ಲಿಯೂ ಗುರುತಿಸುತ್ತೇನೆ. ಲಕ್ಷ್ಮಕ್ಕ ಸೌಟು ಹಿಡಿದು ನಿಂತುಬಿಟ್ಟಳು. "ಮಾವ ಉಳಿ ಹಿಡ್ದಾರಲ್ಲ! ನಾಕ್ ವರ್ಷ ಆತು" ಎಂದಳು. ಇನ್ನೊಂದು ಟಣ್. ನನ್ನ ಬಾಲ್ಯವೆಲ್ಲ ಆ ಸದ್ದಿನಲ್ಲಿ ತೇಲಿ ಬಂತು. ಗೊಂಬೆ ಮದುವೆ, ಬಾಚಣಿಗೆಯ ಚೂರು, ಅವ್ವ. ಕಣ್ಣು ತುಂಬಿತು. ಮೂರನೇ ಟಣ್‌ಗೆ ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ. ನಾಲ್ಕನೆಯದಕ್ಕೆ ಮುದ್ದೆ ಗಂಟಲಲ್ಲೇ ನಿಂತಿತು. ಅಪ್ಪ ಏನಕ್ಕೆ ತೂತು ಹೊಡೆಯುತ್ತಿದ್ದಾನೆ ಎಂಬ ಪ್ರಶ್ನೆ ಅಲ್ಲಿಯವರೆಗೂ ನನಗೆ ಹೊಳೆದಿರಲಿಲ್ಲ.

ಎಂಜಲು ಕೈಯಲ್ಲೇ ಓಡಿದೆ. ಅಪ್ಪ ಹಲಗೆಯ ಮೇಲಿನ ಚೂರುಗಳನ್ನು ಊದುತ್ತಿದ್ದ. ನಾಲ್ಕು ಗುಂಡು ಚೂರು, ಕಾರ್ಡಿಗೆ ನಾಲ್ಕು ತೂತು. ಹುಡುಗಿಯ ಚೌಕಟ್ಟಿನ ಮೂಲೆಗೊಂದು, ಲಾಳಿಯ ಹತ್ತಿರ ಒಂದು, ಕೈಯ ಹತ್ತಿರ ಒಂದು, ಮಾಲೆಯ ಹತ್ತಿರ ಒಂದು.

"ಅಪ್ಪಾ! ಏನ್ ಮಾಡ್ಬಿಟ್ಟೆ? ತೂತು ಬಿದ್ರೆ ಇದಕ್ಕೆ ಮೂರು ಕಾಸಿಲ್ಲ!"

ಅಪ್ಪ ನಿಜವಾಗಿಯೂ ಬೆರಗಾಗಿ ನನ್ನನ್ನು ನೋಡಿದ. "ತೂತಿಲ್ದಿರೋ ರಟ್ಟು ಯಾವ್ ಮಗ್ಗಕ್ಕೆ ಆಗ್ತೈತೆ?" ಎಂದ. ಆಮೇಲೆ ಬಲಗೈ ಎತ್ತಿ ನನ್ನ ಮುಖದ ಮುಂದೆ ಹಿಡಿದ. "ನೋಡು, ನಡುಗಿಲ್ಲ."

ನನಗೆ ಅದನ್ನು ನೋಡುವ ತಾಳ್ಮೆ ಇರಲಿಲ್ಲ. ಎಂಬತ್ತು ವರ್ಷದ ಮುದುಕನ ಮೇಲೆ ಕೂಗಾಡಲೂ ಆಗಲಿಲ್ಲ. ಕಾರ್ಡು ಕಿತ್ತುಕೊಂಡೆ, ಕೈ ತೊಳೆಯಲು ಬಚ್ಚಲಿಗೆ ಹೋದೆ. ಅಲ್ಲಿ ಒಲೆಯ ಮುಂದಿನ ಪುಳ್ಳೆಗಳ ಮೇಲೆ ಸಹನಾಳ ನಕಲಿ ಕಾರ್ಡು ಬಿದ್ದಿತ್ತು. ಅದಕ್ಕೊಂದು ತೂತೂ ಇರಲಿಲ್ಲ. ಹೊಡೆಯುವುದಿದ್ದರೆ ಅದಕ್ಕೆ ಹೊಡೆಯಬಾರದಿತ್ತೇ ಎಂದು ಇನ್ನಷ್ಟು ಸಿಟ್ಟು ಬಂತು. ಬರ್ತೀನಿ ಎಂದು ಸರಿಯಾಗಿ ಹೇಳದೆ ಹೊರಟುಬಿಟ್ಟೆ. ಅಪ್ಪ ಗೋಡೆಗೊರಗಿಕೊಂಡು ಉಳಿ ಒರೆಸುತ್ತಿದ್ದ.

ಖಾಸಗಿ ಬಸ್ಸು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಮ್ಮ ತಾಲ್ಲೂಕಿನ ಹಾನಗಲ್ ದಾಟಿದ ಮೇಲೆ ಮಗಳಿಗೆ ಫೋನು ಮಾಡಿ ಆದದ್ದನ್ನು ಹೇಳಿದೆ.

"ತೂತಾ? ಎಷ್ಟು?"

"ನಾಕು."

"ಹಿಂದ್ಗಡೆ ಏನಾರ ಆಗೈತಾ ನೋಡ್ರಿ ಅಪ್ಪಾಜಿ" ಎಂದಳು.

ಕಾರ್ಡನ್ನು ತಿರುಗಿಸಿದೆ. ಹಿಂಬದಿಯ ಕೆಳಗಿನ ಮೂಲೆಯಲ್ಲಿ, ನೀಲಿ ಪೆನ್ಸಿಲಿನಲ್ಲಿ, ಅಪ್ಪನ ಅಕ್ಷರದಲ್ಲಿ ಒಂದು ನಂಬರಿತ್ತು. ೨೧೭.

ಮಗಳ ಫೋನು ಇಟ್ಟು ಅಣ್ಣನ ಮನೆಗೆ ಮಾಡಿದೆ. ಲಕ್ಷ್ಮಕ್ಕ ಎತ್ತಿದಳು, ಅಪ್ಪನ ಕೈಗೆ ಕೊಟ್ಟಳು. ಅಪ್ಪ ಯಾವಾಗಲೂ ಫೋನಿನಲ್ಲಿ ಕೂಗಿ ಮಾತಾಡುತ್ತಾನೆ. ಊರು ದೂರವಲ್ಲವೇ.

"ಅಪ್ಪಾ, ಕಾರ್ಡಿಗೆ ನಂಬರ್ ಹಾಕಿದೀಯ."

"ನಂಬರ್ ಇಲ್ದೆ ಹೆಂಗ್ ಹೊಲೀತಾರೆ ಮಾಲೆ?"

"ಇನ್ನೂರ ಹದಿನೇಳು ಯಾಕೆ?"

ಹಿಂದೆ ಲಕ್ಷ್ಮಕ್ಕ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಈ ಸಲ ಅಪ್ಪ ಕೂಗಲಿಲ್ಲ.

"ಅದೊಂದು ನಿನ್ನಿಂದ ಬರಬೇಕಾಗಿತ್ತು. ಬಂತು" ಎಂದ. ಆಮೇಲೆ, ಬೇರೆ ಯಾರಿಗೋ ಹೇಳುವವನಂತೆ, "ಬಾಗುಂದಿ."

ಬಸ್ಸು ತಳಕು ಊರು ಮುಟ್ಟುವವರೆಗೆ ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಸದ್ದಿಲ್ಲದೆ ಅಳಬೇಕೆಂದಿದ್ದೆ, ಆಗಲಿಲ್ಲ. ಪಕ್ಕದಲ್ಲಿ ಕುರಿ ಮಾರಿ ಬರುತ್ತಿದ್ದ, ಹೆಗಲ ಮೇಲೆ ಕಂಬಳಿ ಹೊದ್ದ ಹಿರಿಯರೊಬ್ಬರು ಕೂತಿದ್ದರು. ಅವರು ಬಹಳ ಹೊತ್ತು ನೋಡಿ, ಕೊನೆಗೆ ನನ್ನ ಮೊಣಕೈ ಮುಟ್ಟಿದರು.

"ಯಾರಾರು ಹೋದ್ರೇನಪ್ಪ?"

"ಇಲ್ರಿ ಯಜಮಾನ್ರೆ" ಎಂದೆ. "ಪಾಸಾದೆ."